ಮುಳ್ಳೂರು ಬಾವಿಯ ನೀರು, ನನ್ನ ಎಡಗಿವಿ

ಮೊದಲು ಬೆಲೆ ಹೇಳಿಬಿಡುತ್ತೇನೆ, ವ್ಯಾಪಾರದವನಿಗೆ ಅದೇ ಮರ್ಯಾದೆ. ಎಡಗಿವಿಯ ಅರ್ಧಕ್ಕಿಂತ ಹೆಚ್ಚು ಕೇಳುವ ಶಕ್ತಿ, ಐದು ತಿಂಗಳ ನಿದ್ದೆ, ಎರಡು ಬೆಳೆಯ ವ್ಯಾಪಾರ, ಜೊತೆಗೆ ನನಗೆ ಯಾರೂ ಟೋಪಿ ಹಾಕಲಾರರು ಎಂಬ ಹೆಮ್ಮೆ. ಇಷ್ಟನ್ನೂ ತೆತ್ತೆ. ಯಾತಕ್ಕೆ? ಒಬ್ಬ ರೈತನ ರೇಷ್ಮೆಗೂಡಿನ ಬೆಲೆಯನ್ನು ಮಣಕ್ಕೆ ಒಂದು ರೂಪಾಯಿ ಇಳಿಸುವುದಕ್ಕೆ. ಆ ರೂಪಾಯಿ ಇಳಿಯಿತು. ಆವತ್ತು ಗೆದ್ದವನು ನಾನೇ. ನೆನೆಸಿಕೊಂಡರೆ ಇವತ್ತಿಗೂ ಹಲ್ಲು ಕಡಿಯುತ್ತೇನೆ.

ಇದನ್ನು ಬರೆಯುತ್ತಿರುವುದು ಕನಿಕರಕ್ಕಲ್ಲ. ಬೇಸಿಗೆ ಬಂತೆಂದರೆ ನಮ್ಮ ಕಡೆಯ ಬಾವಿ, ಕಾಲುವೆ, ಹೊಳೆಗಳಲ್ಲಿ ಜನ ದುಡುಮ್ಮನೆ ಬೀಳುತ್ತಾರೆ. ಕಿವಿಗೆ ನೀರು ಹೋಗುತ್ತದೆ. ಹೆಚ್ಚಿನವರಿಗೆ ಮನೆ ಸೇರುವುದರೊಳಗೆ ಅದು ತಾನಾಗಿ ಇಳಿದುಹೋಗುತ್ತದೆ. ಇಳಿಯದವನು ಒಬ್ಬ ಇರುತ್ತಾನೆ. ಯಾರಿಗೂ ಹೇಳದೆ ಹಿತ್ತಿಲಲ್ಲಿ ತಲೆ ಒದರಿಕೊಂಡು ನಿಂತಿರುತ್ತಾನೆ. ಇದು ಅವನಿಗೆ.

ನಾನು ಕೊಳ್ಳೇಗಾಲದಲ್ಲಿ ಗೂಡು ಕೊಳ್ಳುವವನು. ಹಳ್ಳಿಗಳಿಗೆ ಹೋಗಿ ರೈತರ ಮನೆಯಲ್ಲಿ ರೇಷ್ಮೆಗೂಡು ನೋಡಿ, ಬೆಲೆ ಕಟ್ಟಿ, ತೂಕ ಹಾಕಿಸಿ, ಊರಿನಲ್ಲಿ ನೂಲು ತೆಗೆಯುವವರಿಗೆ ಕೊಡುವುದು ನನ್ನ ಕಸುಬು. ಅಪ್ಪ ಬಿಟ್ಟುಹೋದದ್ದಲ್ಲ. ಬೇರೆಯವರ ಬುಟ್ಟಿ ಹೊತ್ತು ಕಲಿತೆ. ನಮ್ಮ ತಾಲ್ಲೂಕು ಮದ್ರಾಸಿನಿಂದ ಮೈಸೂರಿಗೆ ಸೇರಿದ ಹೊತ್ತಿಗೆ ನನ್ನದೇ ಒಂದು ತಕ್ಕಡಿ ಆಗಿತ್ತು.

ಈ ಕಸುಬಿನಲ್ಲಿ ಕಣ್ಣು ಅರ್ಧ, ಕಿವಿ ಅರ್ಧ. ಗೂಡು ಹೊರಗಿನಿಂದ ನೋಡಲು ಎಲ್ಲ ಒಂದೇ ಥರ ಹಳದಿ. ಒಳಗಿನ ಹುಳ ಗಟ್ಟಿಯಾಗಿದೆಯೋ, ಸತ್ತು ಕರಗಿದೆಯೋ, ಇನ್ನೂ ಬಲಿತೇ ಇಲ್ಲವೋ ಎಂದು ತಿಳಿಯಬೇಕಾದರೆ ಗೂಡನ್ನು ಎರಡು ಬೆರಳಲ್ಲಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸಬೇಕು. ಒಳ್ಳೆಯ ಗೂಡು ಒಣಗಿದ ಹುಣಿಸೇಬೀಜದ ಹಾಗೆ ಟಕಟಕ ಅನ್ನುತ್ತದೆ. ಕರಗಿದ್ದು ಮಾತಾಡುವುದಿಲ್ಲ. ಸತ್ತ ಹುಳದ ಗೂಡನ್ನು ಬಿಸಿನೀರಿಗೆ ಹಾಕಿದರೆ ನೂಲು ಬರುವುದಿಲ್ಲ, ನಾತ ಬರುತ್ತದೆ. ನಾನು ಎಡಚ. ಗೂಡು ಹಿಡಿಯುವುದು ಎಡಗೈಯಲ್ಲಿ, ಕೇಳುವುದು ಎಡಗಿವಿಯಲ್ಲಿ. ರೈತರಿಗೂ ಇದು ರೂಢಿಯಾಗಿ, ಗೂಡನ್ನು ನನ್ನ ಎಡ ಅಂಗೈಗೇ ಹಾಕುತ್ತಿದ್ದರು. "ಎಡಗೈ ಸಾವ್ಕಾರ್ರು ಬಂದ್ರು" ಅಂತ ನಗುತ್ತಲೂ ಇದ್ದರು. ನಗಲಿ, ಆ ಕಿವಿಗೆ ಅಂಜುತ್ತಲೂ ಇದ್ದರು. ನನ್ನ ಅನ್ನ ಇದ್ದದ್ದೇ ಆ ಅಂಜಿಕೆಯಲ್ಲಿ.

ಮುಳ್ಳೂರಿನ ಮಾದಪ್ಪ ನನ್ನಷ್ಟೇ ಹಟದ ರೈತ. ಆ ಬೇಸಿಗೆಯಲ್ಲಿ ಅವನ ಗೂಡು ಚೆನ್ನಾಗಿತ್ತು, ಅವನು ಹೇಳಿದ ಬೆಲೆಯೂ ನ್ಯಾಯವಾಗಿಯೇ ಇತ್ತು. ಆದರೂ ಒಂದು ರೂಪಾಯಿಗೆ ಇಬ್ಬರೂ ಜಗ್ಗಾಡಿಕೊಂಡು ಎತ್ತು ಕಟ್ಟಿ ನೀರೆತ್ತುವ ಅವನ ಕಪಿಲೆ ಬಾವಿಯ ಕಟ್ಟೆಯ ಮೇಲೆ ಮಧ್ಯಾಹ್ನದವರೆಗೆ ಕೂತೆವು. ಊರಿನ ಗಂಡಸರೆಲ್ಲ ಬಾವಿಯಲ್ಲಿದ್ದರು. ಮೇಲಿನಿಂದ ಹಾರುವುದು, ಮುಳುಗಿ ತಳದ ಕೆಸರು ತಂದು ತೋರಿಸುವುದು, ತಾರದವನನ್ನು ಆಡಿಕೊಳ್ಳುವುದು, ಇದೇ ಆಟ. ಮಾದಪ್ಪ ಬಾವಿಯನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ ಅಂದ:

"ಮೂರು ಸಲ ಬುಡ್ತೀನಿ ಸಾವ್ಕಾರ್ರೇ. ಒಂದ್ ಸಲನಾದ್ರೂ ತಳದ ಮಣ್ಣ ತಕಂಬನ್ನಿ. ತಂದ್ರ ನೀವ್ ಯೋಳ್ದ ಬೆಲೆ. ತರ್ದಿದ್ರ ನಾನ್ ಯೋಳ್ದ ಬೆಲೆ."

ತಮಾಷೆಗೆ ಅಂದದ್ದು. ನಾನು ಅಂಗಿ ಬಿಚ್ಚಿದೆ.

ಎರಡು ಸಲ ಅರ್ಧಕ್ಕೇ ಉಸಿರು ಕಟ್ಟಿ ಮೇಲೆ ಬಂದೆ. ಮೂರನೆಯ ಸಲ ಕಿವಿ ಎರಡೂ ಒತ್ತಿ ಬರುತ್ತಿದ್ದರೂ ಬಿಡದೆ ಇಳಿದೆ. ಕೈಗೆ ಕೆಸರು ತಗುಲಿದ ಕ್ಷಣದಲ್ಲೇ ಎಡಗಿವಿಯೊಳಗೆ ಏನೋ ಪಟ್ ಅಂದಿತು, ತಣ್ಣನೆಯ ಸೂಜಿ ಹೊಕ್ಕ ಹಾಗೆ. ಮೇಲೆ ಬಂದು ಮುಷ್ಟಿ ಬಿಚ್ಚಿ ಕಪ್ಪು ಮಣ್ಣು ತೋರಿಸಿದೆ. ಬಾವಿಯ ಜನ ಕೇಕೆ ಹಾಕಿದರು. ಆ ಕೇಕೆ ನನಗೆ ಒಂದೇ ಕಡೆಯಿಂದ ಕೇಳಿಸಿತು.

ಕಿವಿಯೊಳಗೆ ನೀರು ಹೋಗಿದೆ ಅಂದೆ. ಎಲ್ಲರೂ ವೈದ್ಯರಾದರು. ಒಬ್ಬ ಒಂಟಿಕಾಲಲ್ಲಿ ಕುಣಿ ಅಂದ, ಕುಣಿದೆ. ಇನ್ನೊಬ್ಬ ಬಿಸಿಲಿಗೆ ಕಾದ ಕಲ್ಲನ್ನು ಕಿವಿಗೆ ಒತ್ತಿದ. ಮತ್ತೊಬ್ಬ, ಒಳಗಿನ ನೀರು ಬರಬೇಕಾದರೆ ಇನ್ನಷ್ಟು ನೀರು ಬಿಟ್ಟು ಕವುಚಬೇಕು ಎಂದು ಅದೇ ಬಾವಿಯ ನೀರನ್ನು ಬೊಗಸೆಯಲ್ಲಿ ತಂದು ಹುಯ್ದ. ಅಷ್ಟು ಹೊತ್ತಿಗೆ ಮಾದಪ್ಪನ ಮನೆಯಲ್ಲಿ ತಕ್ಕಡಿ ಸಿದ್ಧವಾಗಿತ್ತು. "ಓಯ್ತಾ ನೀರು?" ಅಂತ ಅವನು ಕೇಳಿದ. ಹೋಯಿತು ಅಂದುಬಿಟ್ಟೆ. ಕಿವಿ ಕೇಳದವನು ಗೂಡು ಆರಿಸಲು ಕೂತರೆ ಯಾರು ಅಂಜುತ್ತಾರೆ? ಆವತ್ತು ಹೇಳಿದ ಆ ಒಂದು ಸುಳ್ಳನ್ನು ಉಳಿಸಿಕೊಳ್ಳಲು ಐದು ತಿಂಗಳು ಒದ್ದಾಡಿದೆ.

ಮೊದಲ ವಾರ ಬರೀ ಗುಂಯ್‌ಗುಡುತ್ತಿತ್ತು. ತಲೆ ವಾಲಿಸಿದರೆ ಒಳಗೆ ಏನೋ ತುಳುಕಿದ ಹಾಗೆ. ಆಮೇಲೆ ತಂಪು ಗಾಳಿ ತಗುಲಿದರೆ ನೋವು. ಗಾಳಿಗೆ ಅಡ್ಡ ಏನಾದರೂ ಇಟ್ಟುಕೊಳ್ಳಬೇಕಿತ್ತು. ಬಿಳಿ ಹತ್ತಿ ಇಟ್ಟರೆ ದೂರದಿಂದಲೇ ಕಾಣುತ್ತದೆ, ಯಾರಾದರೂ ಕೇಳುತ್ತಾರೆ. ನನ್ನ ಮುಂದೆ ಹೇಗೂ ಬುಟ್ಟಿಗಟ್ಟಲೆ ಗೂಡಿತ್ತು. ಗೂಡಿನ ಮೇಲ್ಮೈಯಲ್ಲಿ ಜೇಡರ ಬಲೆಯಂಥ ಒರಟು ಎಳೆ ಅಂಟಿಕೊಂಡಿರುತ್ತದೆ; ನೂಲು ತೆಗೆಯುವವರು ಮೊದಲು ಅದನ್ನು ಸುಲಿದು ಎಸೆಯುತ್ತಾರೆ. ಅದನ್ನೇ ಹಿಡಿಯಷ್ಟು ಸುಲಿದು, ಉಂಡೆ ಮಾಡಿ, ಹರಳೆಣ್ಣೆಯಲ್ಲಿ ಅದ್ದಿ ಕಿವಿಗೆ ಇಟ್ಟುಕೊಂಡೆ. ಬಣ್ಣ ಹಳದಿ, ಎಣ್ಣೆಗೆ ಇನ್ನೂ ಮಬ್ಬು, ಯಾರ ಕಣ್ಣಿಗೂ ಬೀಳುವುದಿಲ್ಲ. ಬಿಟ್ಟಿ ಬೇರೆ. ನನ್ನ ಜಾಣತನಕ್ಕೆ ನಾನೇ ಬೀಗಿದೆ. ರಾತ್ರಿ ತೆಗೆಯುವುದು, ಬೆಳಗ್ಗೆ ಹೊಸದು ಇಡುವುದು. ತೆಗೆದದ್ದು ಇಟ್ಟಷ್ಟೇ ಇದೆಯೋ ಇಲ್ಲವೋ ಎಂದು ಒಂದು ದಿನವೂ ನೋಡಲಿಲ್ಲ. ತೂಕದಲ್ಲಿ ಗುಲಗಂಜಿ ಬಿಡದ ಮನುಷ್ಯ ನಾನು!

ನನ್ನ ಹೆಂಡತಿ ಚಿಕ್ಕತಾಯಮ್ಮನಿಂದ ಮುಚ್ಚಿಡಲು ಆಗಲಿಲ್ಲ. ಅವಳು ಊಟ ಬಡಿಸುವಾಗ ಬಲಕ್ಕೆ ಬಂದು ಮಾತಾಡತೊಡಗಿದಳು. ಒಂದು ದಿನ ದಿಂಬಿನ ಮೇಲೆ ಹಳದಿ ಕಲೆ ಕಂಡು, ಆಸ್ಪತ್ರೆಗೆ ಹೋಗಿ ಅಂದಳು. ಕೊಳ್ಳೇಗಾಲದಲ್ಲಿ ಯಾವ ಡಾಕ್ಟರ ಬೆಂಚಿನ ಮೇಲೆ ಕೂತರೂ ಪಕ್ಕದಲ್ಲಿ ನನ್ನ ರೈತನೋ ನೂಲು ತೆಗೆಯುವವನೋ ಇರುತ್ತಾನೆ, ಸಂಜೆಗೆ ಊರೆಲ್ಲ ಸುದ್ದಿ, ಸುಮ್ಮನಿರು ಅಂದೆ. ಅವಳು ಎಲೆ ಎತ್ತುತ್ತ ಅಂದದ್ದು ಬಲಗಿವಿಗೆ ಸ್ಪಷ್ಟವಾಗಿ ಬಿತ್ತು.

"ಕಿವಿ ಕೇಳಕಿಲ್ಲ ಅಂತ ಯೋಳಕ್ಕ ಬಾಯೂ ಬರಕಿಲ್ವ ನಿಮ್ಗ?"

ನಾನು ಅವಳ ಮೇಲೆ ರೇಗಿದೆ. ಎರಡು ದಿನ ಮಾತು ಬಿಟ್ಟೆ. ಮುಟ್ಠಾಳತನಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಹಳ್ಳಿಗಳಿಗೆ ಹೋಗುವುದು ಬಿಡಲಿಲ್ಲ. ಬಲಗಿವಿಗೆ ಹಿಡಿದರೆ ಗುಟ್ಟು ಹೊರಬೀಳುತ್ತದೆಂದು ಗೂಡನ್ನು ಎಡಗಿವಿಗೇ ಹಿಡಿದು ಅಲ್ಲಾಡಿಸಿದೆ. ಏನೂ ಕೇಳಿಸುತ್ತಿರಲಿಲ್ಲ. ಆದರೂ ಹುಬ್ಬು ಗಂಟಿಕ್ಕಿ, ಕೇಳಿಸಿಕೊಂಡವನ ಹಾಗೆ ತಲೆಯಾಡಿಸಿ, ರೈತನ ಮುಖ ನೋಡಿ ಬೆಲೆ ಕಟ್ಟುತ್ತಿದ್ದೆ. ಮಧುವನಹಳ್ಳಿಯಲ್ಲಿ ಕೊಂಡ ಒಂದು ಗಾಡಿ ಗೂಡು ಬಿಸಿನೀರಿಗೆ ಬಿದ್ದಾಗ ಬೀದಿಯೆಲ್ಲ ನಾತ. ನೂಲು ತೆಗೆಯುವವರು ಬಾಗಿಲಿಗೆ ತಂದು ಸುರಿದು ಹೋದರು. ಅದಾದ ಮೇಲೂ ಬುದ್ಧಿ ಬರಲಿಲ್ಲ. ಮುಳ್ಳೂರಿನ ಮಾದಪ್ಪ ಮಾತ್ರ ಈಚೆಗೆ ಗೂಡನ್ನು ನನ್ನ ಬಲಗೈಗೆ ಇಡತೊಡಗಿದ್ದ. ಬಾವಿಯಲ್ಲಿ ಸೋತ ಮೇಲೆ ಇವನಿಗೆ ಮರ್ಯಾದೆ ಬಂತು ಅಂದುಕೊಂಡು, ನಾನು ಅದನ್ನು ಎಡಗೈಗೆ ಬದಲಾಯಿಸಿ ಎಡಗಿವಿಗೆ ಒಯ್ಯುತ್ತಿದ್ದೆ.

ಕೀವು ಹೆಚ್ಚಾಯಿತು. ಗುರುತು ಹಿಡಿಯುವವರು ಕಡಿಮೆ ಎಂದು ಬಸ್ಸು ಹತ್ತಿ ಹನೂರಿನ ಸಂತೆಗೆ ಹೋದೆ. ಅಲ್ಲಿ ಕಿವಿ ಗುಗ್ಗೆ ತೆಗೆಯುವವನೊಬ್ಬ ಹುಣಿಸೇಮರದ ಕೆಳಗೆ ಗೋಣಿ ಹಾಸಿಕೊಂಡು ಕೂರುತ್ತಿದ್ದ, ತಲೆಗೆ ಕೆಂಪು ರುಮಾಲು, ಅದರಲ್ಲಿ ಸಿಕ್ಕಿಸಿದ ಕಬ್ಬಿಣದ ಕಡ್ಡಿಗಳು. ಕಿವಿಯಲ್ಲಿ ನೀರು ನಿಂತಿದೆ ಅಂದೆ. ಅವನು ಇಣುಕಿ ನೋಡಿ, ನೀರಲ್ಲ, ಹುಳ ಅಂದ. ಕಡ್ಡಿ ಹಾಕಿದ. ಬಿಡಿಸಿ ಹೇಳುವುದಿಲ್ಲ, ಗೋಣಿಯನ್ನು ಕಚ್ಚಿ ಹಿಡಿದೆ ಅಂದರೆ ಸಾಕು. ಆಮೇಲೆ ಅಂಗೈ ಮೇಲೆ ಒಂದು ಬಿಳಿ ಹುಳ ಇಟ್ಟು ನನಗೂ ಸುತ್ತಲಿನವರಿಗೂ ತೋರಿಸಿದ. ಸುತ್ತಲಿನವರು ಬಾಯಿ ಬಿಟ್ಟರು.

ನೋಡಿದೆ. ಅಕ್ಕಿ ಮೂಟೆಯಲ್ಲಿ ಬೀಳುವ ಹುಳ, ಮೈಗೆ ಇನ್ನೂ ಅಕ್ಕಿಯ ಹುಡಿ ಮೆತ್ತಿತ್ತು. ಹುಟ್ಟಿದಂದಿನಿಂದ ಹುಳ ನೋಡಿ ಹುಳದಿಂದ ಉಣ್ಣುವವನಿಗೆ ಹುಳ ತೋರಿಸುತ್ತಾನೆ! "ಲೇ, ನಂಗೇ ಹುಳ ಮಾರ್ತೀಯೇನ್ಲಾ" ಅಂತ ಅವನ ರುಮಾಲಿಗೆ ಕೈ ಹಾಕಿದೆ. ಅದರ ಮಡಿಕೆಯಲ್ಲಿ ಇನ್ನೂ ನಾಲ್ಕು ಹುಳ ಇದ್ದವು. ಜನ ನಕ್ಕರು. ನನ್ನ ಜಾಣತನಕ್ಕೆ ಎಲ್ಲರೂ ಭೇಷ್ ಅಂದರು. ಅಷ್ಟು ಜಾಣನಾದವನು ಅವನ ಕಡ್ಡಿಗೆ ಕಿವಿ ಕೊಟ್ಟದ್ದು ಯಾಕೆ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಬಸ್ಸಿನಲ್ಲಿ ಕೂತಾಗ ಕಿವಿಯಿಂದ ರಕ್ತ ಇಳಿದು ಅಂಗಿಯ ಕಾಲರು ತೊಯ್ದಿತ್ತು.

ಮೂರನೆಯ ದಿನಕ್ಕೆ ಜ್ವರ. ಕಿವಿಯ ಹಿಂದೆ ಬಾವು. ಎದ್ದು ನಿಂತರೆ ಗೋಡೆ ತಿರುಗುತ್ತಿತ್ತು. ಚಿಕ್ಕತಾಯಮ್ಮ ನನ್ನ ಅಂಗಿ ತಂದು ಮುಂದೆ ಹಿಡಿದಳು. ನಾನು ಆಗಲೂ ಚೌಕಾಸಿ ಮಾಡಿದೆ: ಕೊಳ್ಳೇಗಾಲ ಬೇಡ, ಯಳಂದೂರಿಗೆ ಹೋಗೋಣ, ಅಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಆಗಲಿ ಅಂದಳು. ಬಸ್ಸಿನ ಪ್ರತಿ ಕುಲುಕಿಗೂ ನನ್ನ ತಲೆಯನ್ನು ತನ್ನ ಭುಜಕ್ಕೆ ಒತ್ತಿ ಹಿಡಿದಿದ್ದಳು. ಎದುರಿನ ಸೀಟಿನವರು ನೋಡುತ್ತಿದ್ದರು. ನೋಡಲಿ ಅಂತ ಅನ್ನಿಸಿದ್ದು ಅದೇ ಮೊದಲು.

ಯಳಂದೂರಿನಲ್ಲಿ ಬಸ್ ಸ್ಟ್ಯಾಂಡಿಗೆ ಹತ್ತಿರದಲ್ಲೇ ಒಬ್ಬ ಡಾಕ್ಟರು ಇದ್ದರು. ಮುಂದಿನ ಜಗಲಿಯಲ್ಲಿ ಉದ್ದದ ಬೆಂಚು, ಸ್ಪಿರಿಟ್ಟಿನ ವಾಸನೆ, ಅಳುವ ಕೂಸುಗಳು. ಎರಡು ಗಂಟೆ ಕೂತೆವು. ಆ ಎರಡು ಗಂಟೆಯಲ್ಲಿ ನನಗಿದ್ದದ್ದು ಒಂದೇ ಭಯ. ಸಾಯುವುದಲ್ಲ. ಟಕಟಕ ಶಬ್ದ ಇನ್ನು ಯಾವತ್ತೂ ಕೇಳಿಸದಿದ್ದರೆ ಮತ್ತೆ ಬೇರೆಯವರ ಬುಟ್ಟಿ ಹೊರಬೇಕಲ್ಲ ಅನ್ನುವುದು. ಕಣ್ಣುಮುಚ್ಚಿ ಕೂತಿದ್ದೆ. ಯಾರೋ ಬಂದು ಬಲಕ್ಕೆ ಕೂತರು.

"ಕಿವೀಗ ಬಂದ್ರಾ ಸಾವ್ಕಾರ್ರೇ?"

ಮಾದಪ್ಪ. ತಾಯಿಯ ಕಣ್ಣು ತೋರಿಸಲು ಬಂದಿದ್ದ. ನಾನು ಕೂಡಲೇ, ಹಲ್ಲುನೋವು ಅಂದೆ. ಅವನು ನನ್ನ ಕೆನ್ನೆಯ ಮೇಲೆ ಇಳಿಯುತ್ತಿದ್ದ ಕೀವನ್ನು ನೋಡಿದ. ನಗಲಿಲ್ಲ.

"ಬುಡಿ ಸಾ. ಮುಳ್ಳೂರ್ಗೂ ಗೊತ್ತು, ಮಧುವನಳ್ಳೀಗೂ ಗೊತ್ತು. ಮೂರ್ ತಿಂಗಳಾಯ್ತು."

"ಏನು ಗೊತ್ತು?"

"ನಿಮ್ ಎಡಗಿವಿ ಓಗ್ಬುಟ್ಟದ ಅಂತ. ಕೆಟ್ಟ ಗೂಡಿದ್ದೋರು ಎಡಗೈಗೇ ಮಡುಗ್ತಾರ. ನಾನು ಬಲಗೈಗ ಮಡುಗ್ತಾ ಇವ್ನಿ, ನೀವೇ ಎಡಕ್ಕ ತಕಂಡೋಯ್ತೀರಿ."

ನನಗೆ ರೋಷ ಬಂತು. ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ಅವನ ಮೇಲೇ ಹರಿಹಾಯ್ದೆ. ಬೆಂಚಿನವರೆಲ್ಲ ತಿರುಗಿ ನೋಡಿದರು. ಮಾದಪ್ಪ ನೆಲ ನೋಡಿಕೊಂಡು ಕೂತಿದ್ದ.

"ಯಂಗ್ ಯೋಳದು ಸಾ. ಬಾವಿ ನಂದಲ್ವಾ."

ಒಳಗಿನಿಂದ ಕರೆ ಬಂತು. ಡಾಕ್ಟರು ಹಣೆಗೆ ಗುಂಡು ಕನ್ನಡಿ ಕಟ್ಟಿಕೊಂಡು ಕಿವಿಯೊಳಗೆ ಬೆಳಕು ಬಿಟ್ಟರು. ಬಹಳ ಹೊತ್ತು ನೋಡಿದರು. ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರು. ಗೂಡಿನ ವ್ಯಾಪಾರ ಅಂದೆ. ಹಾಗೇ ಇರಬೇಕು ಅಂದರು. ಚಿಮಟ ಹಾಕಿ ಎಳೆದರು. ನಾನು ಕೂಗಿದ್ದು ಮಾದಪ್ಪನ ತಾಯಿಗೂ ಕೇಳಿಸಿತಂತೆ.

ತಟ್ಟೆಯಲ್ಲಿ ಬಿದ್ದದ್ದು ಕಡಲೆಕಾಳಿಗಿಂತ ದೊಡ್ಡದಾದ ಕಪ್ಪು ಮುದ್ದೆ. ಡಾಕ್ಟರು ಅದನ್ನು ಬಿಸಿನೀರಲ್ಲಿ ಅದ್ದಿ ಬಿಡಿಸಿದರು. ಎಳೆ. ನಾನು ದಿನಾ ಸುಲಿದು ಇಟ್ಟುಕೊಂಡ ಎಳೆಯೇ. ಹತ್ತಿ ನೀರು ಹೀರುತ್ತದೆ, ಹಿಡಿದರೆ ಇಡಿಯಾಗಿ ಬರುತ್ತದೆ. ಈ ಎಳೆ ಎಣ್ಣೆಗೆ ಅಂಟಿ, ತೆಗೆದಾಗಲೆಲ್ಲ ತುಸು ಹಿಂದೆ ಉಳಿದು, ಉಳಿದದ್ದೆಲ್ಲ ಸೇರಿ ಬಿರಡೆಯಾಗಿತ್ತು. ಹನೂರಿನವನ ಕಡ್ಡಿ ಅದನ್ನು ಇನ್ನೂ ಆಳಕ್ಕೆ ಜಡಿದಿತ್ತು. ಬಾವಿಯ ನೀರು ಯಾವತ್ತೋ ಆರಿಹೋಗಿತ್ತು. ನಾನು ಐದು ತಿಂಗಳು ಬೈದದ್ದು ಇಲ್ಲದ ನೀರನ್ನು. ಒಂದು ಎಳೆಯನ್ನು ಬೆರಳಿಗೆ ಸುತ್ತಿ ಎಳೆದು ನೋಡಿದೆ, ಕೈ ಸುಮ್ಮನಿರಲಿಲ್ಲ. ಅಷ್ಟು ದಿನ ಕೀವಲ್ಲಿ ನೆನೆದರೂ ಹರಿಯಲಿಲ್ಲ. ಒಳ್ಳೆಯ ಮಾಲು.

ಬಾವಿಯಲ್ಲಿ ಪಟ್ ಅಂದದ್ದು ಕಿವಿಯ ತಮಟೆ, ಅದು ಹರಿದಿದೆ ಅಂದರು. ಆವತ್ತೇ ಬಂದಿದ್ದರೆ, ಏನೂ ಇಡದೆ ಒಣಗಲು ಬಿಟ್ಟಿದ್ದರೆ, ಬಹುಶಃ ತಾನೇ ಕೂಡಿಕೊಳ್ಳುತ್ತಿತ್ತಂತೆ. ಇನ್ನು ಎಷ್ಟು ದಿನಕ್ಕೆ ವಾಸಿ ಎಂದು ಕೇಳಿದೆ. ಎರಡು ತಿಂಗಳು ಬಂದು ಹೋಗಬೇಕು, ಪೂರ್ತಿ ಕೇಳಿಸುತ್ತದೆ ಎಂದು ಮಾತು ಕೊಡಲಾರೆ ಅಂದರು. ನನ್ನ ನಾಲಿಗೆ ರೂಢಿಯ ಮೇಲೆ ನಡೆಯಿತು: "ಒಂದು ತಿಂಗಳಿಗೆ ಮಾಡಿಕೊಡಿ ಸಾರ್."

ಅವರು ಚಿಮಟ ತೊಳೆಯುತ್ತ ಅಂದರು, "ಮಾಡೋದು ನಾನಲ್ಲ, ಕಿವಿ. ಅದರ ಹತ್ತಿರ ಕೇಳಿ ನೋಡಿ."

ಎರಡು ತಿಂಗಳು ಹೋಗಿ ಬಂದೆವು. ಸೂಜಿ, ಹನಿ ಔಷಧಿ, ತಲೆಗೆ ನೀರು ಹಾಕುವಂತಿಲ್ಲ. ಬಾವು ಇಳಿಯಿತು, ಕೀವು ನಿಂತಿತು. ಕಡೆಯ ಸಲ ಡಾಕ್ಟರು ನೋಡಿ ಕಳಿಸಿದ ದಿನ ಮನೆಗೆ ಬಂದು ಒಂದು ಗೂಡು ತೆಗೆದು ಎಡಗಿವಿಗೆ ಹಿಡಿದು ಅಲ್ಲಾಡಿಸಿದೆ. ಪಕ್ಕದ ಬೀದಿಯಲ್ಲಿ ಯಾರೋ ಬಾಗಿಲು ತಟ್ಟಿದಷ್ಟು ಮಾತ್ರ. ಚಿಕ್ಕತಾಯಮ್ಮ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ತನ್ನ ಕಿವಿಗೆ ಹಿಡಿದಳು. ಚೆನ್ನಾಗದ, ಒಳ್ಳೇ ಗೂಡು, ತಕಳಿ, ಅಂದಳು. ಅವಳಿಗೆ ಅದು ಗೊತ್ತಿತ್ತು ಅನ್ನುವುದೇ ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ಮನೆಗೆ ಬಂದ ಬುಟ್ಟಿಗಳನ್ನು ಅವಳೇ ಆರುವುದಕ್ಕೆ ಹರವುತ್ತಿದ್ದಳಲ್ಲ.

ಇದೆಲ್ಲ ಆಗಿ ಈಗ ಕೆಲವು ವರ್ಷ. ವ್ಯಾಪಾರ ನಡೆಯುತ್ತಿದೆ. ಬಲಗಿವಿ ಕಲಿತುಕೊಂಡಿತು. ಅನುಮಾನದ ಗೂಡಿದ್ದರೆ ಚಿಕ್ಕತಾಯಮ್ಮ ಇದ್ದಾಳೆ. ಕೋಪ ಮಾತ್ರ ಇಳಿದಿಲ್ಲ, ಇಳಿಯುವುದೂ ಬೇಡ. ಎಡಗೈಗೆ ಕೆಟ್ಟ ಗೂಡು ಇಟ್ಟವರ ಹೆಸರು ಒಂದೂ ಮರೆತಿಲ್ಲ. ಆದರೆ ಅವರು ಇಟ್ಟದ್ದು ನಾನು ಮುಂದೆ ಚಾಚಿದ ಕೈಗೆ.

ಈಗ ನಿಮಗೆ. ಕಿವಿಗೆ ನೀರು ಹೋದರೆ ತಲೆ ವಾಲಿಸಿ, ಕಿವಿಯನ್ನು ಮೆಲ್ಲಗೆ ಹಿಂದಕ್ಕೆ ಎಳೆದು ಹಿಡಿಯಿರಿ, ಹೊರಗಿನದನ್ನು ಬಟ್ಟೆಯಲ್ಲಿ ಒರೆಸಿ ಸುಮ್ಮನಿರಿ. ಬರುವುದಿದ್ದರೆ ಬರುತ್ತದೆ. ಕಡ್ಡಿ, ಪಿನ್ನು, ಕೋಳಿಪುಕ್ಕ, ಕಾಸಿದ ಎಣ್ಣೆ, ಬಿಟ್ಟಿ ಸಿಕ್ಕ ಯಾವ ಎಳೆಯನ್ನೂ ಒಳಗೆ ಇಡಬೇಡಿ. ನೀರಿನ ಆಳದಲ್ಲಿ ಕಿವಿ ಒತ್ತಿ ಬಂದರೆ ಮೇಲೆ ಬನ್ನಿ, ಯಾರು ನಕ್ಕರೂ ಸರಿ. ಒಳಗೆ ಪಟ್ ಅಂದರೆ, ನೋವಿದ್ದರೆ, ಒಂದೆರಡು ದಿನಕ್ಕೂ ಕಿವಿ ಬಿಡದಿದ್ದರೆ ಡಾಕ್ಟರ ಹತ್ತಿರ ಹೋಗಿ. ಅದೂ ನಿಮ್ಮ ಊರಿನವರ ಹತ್ತಿರವೇ, ನಾಲ್ಕು ಜನ ನೋಡುವ ಬೆಂಚಿನ ಮೇಲೆ ಕೂತು. ನೀವು ಮುಚ್ಚಿಟ್ಟದ್ದು ಅವರಿಗೆ ಆಗಲೇ ಗೊತ್ತಿರುತ್ತದೆ. ಮನೆಯವರು ಯಾವ ಕಡೆ ನಿಂತು ಮಾತಾಡುತ್ತಿದ್ದಾರೆ ಅನ್ನುವುದನ್ನು ಗಮನಿಸಿ, ಡಾಕ್ಟರಿಗಿಂತ ಮೊದಲು ತಿಳಿಯುವುದು ಅವರಿಗೆ.

ಇನ್ನೊಂದು. ಯಾರಾದರೂ ಗೂಡನ್ನು ನಿಮ್ಮ ಬಲಗೈಗೆ ಇಟ್ಟರೆ, ಬಲಗಿವಿಗೇ ಹಿಡಿಯಿರಿ.